ಲೈನಲ್ಲೇ ಇರಿ, ಈಗ ಸಿಗುತ್ತೆ

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದ ಆಕೆಯನ್ನು ಬೀದಿಯವರು ಬೆನ್ನ ಹಿಂದೆ ಟ್ರಂಕಮ್ಮ ಎನ್ನುತ್ತಿದ್ದರು. ಆ ಹೆಸರು ಆಕೆಗೆ ಗೊತ್ತಿಲ್ಲವೆಂದು ಎಲ್ಲರೂ ನಂಬಿದ್ದರು. ಊರಿನವರು ಪರವೂರಿಗೆ ಮಾಡುವ ಟ್ರಂಕ್ ಕಾಲ್‌ಗಳನ್ನೆಲ್ಲ ಕಿವಿಯ ಮೇಲೆ ಹಾಕಿಕೊಂಡೇ ವಯಸ್ಸು ಕಳೆದ ಹೆಂಗಸಿಗೆ ಇದೊಂದು ಗೊತ್ತಾಗದೆ ಉಳಿಯುವುದು ಹೇಗೆ?

ತಂತ್ರಜ್ಞಾನದ ಬಗ್ಗೆ ಟ್ರಂಕಮ್ಮನವರಿಗೆ ಅಭಿಪ್ರಾಯಗಳಿದ್ದವು, ಅವುಗಳನ್ನು ತಮ್ಮಲ್ಲೇ ಇಟ್ಟುಕೊಳ್ಳುವ ಅಭ್ಯಾಸ ಇರಲಿಲ್ಲ. ಪಾರ್ಕಿನಲ್ಲಿ ಬೆಳಗಿನ ನಡಿಗೆಗೆ ಬರುವವರನ್ನು ಬೆಂಚಿನ ಮೇಲೆ ಕೂರಿಸಿ, ಇಂಟರ್ನೆಟ್ಟಿಗೆ ಸರ್ಕಾರ ಮೂಗುದಾರ ಹಾಕಬೇಕು, ಮೊಬೈಲ್ ಗೇಮಿನ ಕಂಪನಿಗಳು ಲಾಭಕ್ಕಾಗಿ ಜನರ ಹೊತ್ತನ್ನು ನುಂಗುತ್ತಿವೆ ಎಂದು ವಿವರಿಸುತ್ತಿದ್ದರು. ಇನ್ನೊಬ್ಬರ ಮಾತನ್ನು ಕದ್ದು ಕೇಳುವ ಕಂಪನಿಗಳ ಮೇಲಂತೂ ಅವರಿಗೆ ಕೆಂಡದಂಥ ಕೋಪ. ಒಬ್ಬರ ಖಾಸಗಿ ಮಾತು ಎಷ್ಟು ಸೂಕ್ಷ್ಮ ಎಂಬುದಕ್ಕೆ, ಹಿಂದೆ ಊರಿನ ಡಾಕ್ಟರೊಬ್ಬರು ಫೋನಿನಲ್ಲಿ ಯಾರ ತಂಗಿಯ ಹತ್ತಿರ ಅತ್ತರು ಎಂಬ ಉದಾಹರಣೆ ಕೊಡುತ್ತಿದ್ದರು.

ಇಷ್ಟಾಗಿಯೂ ಅವರ ಸೊಸೆ ಕೆಲಸ ಮಾಡುತ್ತಿದ್ದುದು ಗೇಮಿನ ಕಂಪನಿಯಲ್ಲೇ. ಆಡುವವರು ಯಾಕೆ ಬೇಸತ್ತು ಬಿಟ್ಟು ಹೋಗುತ್ತಾರೆಂದು ಕಂಡುಹಿಡಿಯುವುದು ಅವಳ ಕೆಲಸ. ಅತ್ತೆ ಎಷ್ಟೇ ಮೂಗು ಮುರಿದರೂ ಅವಳು ನಗುತ್ತಿದ್ದಳು. ಆದರೆ ಒಂದು ಸಂಜೆ ಮುಖ ಸಣ್ಣದು ಮಾಡಿಕೊಂಡು ಬಂದು, ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಸಿದಳು. ಅವಳ ಕಂಪನಿಯದೊಂದು ಬಂದರಿನ ಗೇಮು. ಆಡುವವರು ಬಂದರು ಕಟ್ಟಿ ಹಡಗಿಗೆ ಕಾಯಬೇಕು. ಹಡಗಿನಲ್ಲಿ ಬಹುಮಾನ ಇರುತ್ತದೆ. ಜನ ಕಾಯಲಾರದೆ ಅರ್ಧಕ್ಕೇ ಎದ್ದು ಹೋಗುತ್ತಿದ್ದರು. ಹೀಗೇ ಆದರೆ ತಮ್ಮ ವಿಭಾಗಕ್ಕೇ ಬೀಗ ಬೀಳುತ್ತದೆ ಎಂದಳು.

ಟ್ರಂಕಮ್ಮ ಗೇಮನ್ನು ಒಂದು ಗಳಿಗೆ ನೋಡಿ ಕನ್ನಡಕ ತೆಗೆದರು.

"ಕಾಯೋರಿಗೆ ಗಡಿಯಾರ ತೋರಿಸ್ತೀರಲ್ಲ, ಯಾರು ಕೂರ್ತಾರೆ? ಮನುಷ್ಯರ ದನಿ ಕೇಳಿಸ್ಬೇಕು ಕಣೆ. 'ಲೈನಲ್ಲೇ ಇರಿ, ಈಗ ಸಿಗುತ್ತೆ' ಅಂತ ನಾನಂದ್ರೆ ಜನ ಊಟ ಬಿಟ್ಟು ಕೂತಿರ್ತಿದ್ರು."

"ನಿಜವಾಗ್ಲೂ ಸಿಗ್ತಿತ್ತಾ ಅತ್ತೆ?"

"ಒಂದೊಂದ್ಸಲ."

ಸೊಸೆ ಆ ಮಾತನ್ನು ಇನ್ನೊಮ್ಮೆ ಹೇಳಿಸಿ ಅಲ್ಲೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಮರುವಾರ ಕಂಪನಿಯಿಂದ ಕಾರು ಬಂತು. ಗೋಡೆಗೆಲ್ಲ ಮೆತ್ತೆ ಹೊಡೆದ ಪುಟ್ಟ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡ ಕೂಡಲೇ ಟ್ರಂಕಮ್ಮನವರ ಬೆನ್ನು ತಾನಾಗಿ ನೆಟ್ಟಗಾಯಿತು, ಮನೆಯ ದನಿ ಹೋಗಿ ಎಕ್ಸ್‌ಚೇಂಜಿನ ದನಿ ಬಂತು. "ಹಡಗು ಹತ್ತಿರದಲ್ಲೇ ಇದೆ, ಎಲ್ಲೂ ಹೋಗಬೇಡಿ" ಎಂದರು, "ದಯವಿಟ್ಟು ಲೈನಲ್ಲೇ ಇರಿ" ಎಂದರು. ಗಾಜಿನಾಚೆ ಕೂತಿದ್ದ ಹುಡುಗರು ಕೆಲಸ ಮುಗಿದ ಮೇಲೂ ಏಳದೆ ಕಾಯುತ್ತ ಕೂತಿದ್ದರು. ಶತ್ರುವಿನ ಪಾಳಯವನ್ನು ಒಳಗಿನಿಂದ ನೋಡಿ ಬಂದೆ ಎಂದು ಟ್ರಂಕಮ್ಮ ಪಾರ್ಕಿನಲ್ಲಿ ಹೇಳಿಕೊಂಡರು. ಅಲ್ಲಿ ಏನು ಮಾಡಿ ಬಂದರೆಂಬುದನ್ನು ಮಾತ್ರ ಹೇಳಲಿಲ್ಲ.

ಕೆಲವೇ ತಿಂಗಳಲ್ಲಿ ಬಂದರಿನ ಗೇಮು ಊರಿಗೆ ಊರನ್ನೇ ಹಿಡಿದುಕೊಂಡಿತು. ಬಸ್ಸು ಬಂದು ನಿಂತರೂ ಜನ ತಲೆಯೆತ್ತುತ್ತಿರಲಿಲ್ಲ. ಲಿಫ್ಟ್ ರಿಪೇರಿ ಮಾಡುವ ಟ್ರಂಕಮ್ಮನವರ ಮಗ ಬಚ್ಚಲಿಗೆ ಹೋದರೆ ಈಚೆ ಬರುವುದನ್ನೇ ಮರೆತ. ಲಿಫ್ಟಿನೊಳಗೆ ಸಿಕ್ಕಿಕೊಂಡವರು ಅವನಿಗೆ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಅವರೂ ಬೇಸರ ಕಳೆಯಲು ಒಳಗೆ ಅದೇ ಗೇಮು ಆಡುತ್ತಿದ್ದರಂತೆ.

ದೂರುಗಳು ಹೆಚ್ಚಾಗಿ, ಗೇಮುಗಳಿಗೆ ನಿಯಮ ತರಲು ಸರ್ಕಾರ ಸಾರ್ವಜನಿಕರ ಅಭಿಪ್ರಾಯ ಕೇಳುವ ಸಭೆ ಕರೆಯಿತು. ತಮ್ಮ ಪರವಾಗಿ ಮಾತಾಡಲು ಪಾರ್ಕಿನ ಬಳಗ ಒಕ್ಕೊರಲಿನಿಂದ ಟ್ರಂಕಮ್ಮನವರನ್ನೇ ಆರಿಸಿತು. ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅತ್ತೆ, ಈ ಸಲ ಹೋಗಬೇಡಿ ಎಂದು ಎರಡು ಸಲ ಹೇಳಿ ನೋಡಿದಳು. ಟ್ರಂಕಮ್ಮ ಒಪ್ಪಲಿಲ್ಲ. ತಾವು ಆಡಿದ್ದು ಸೌಜನ್ಯದ ಒಂದು ಮಾತು, ತಪ್ಪೆಲ್ಲ ಆ ಹಡಗುಗಳದ್ದು ಎಂಬುದು ಅವರ ಖಚಿತ ಅಭಿಪ್ರಾಯವಾಗಿತ್ತು.

ಸಭಾಂಗಣ ಕಿಕ್ಕಿರಿದಿತ್ತು. ವೇದಿಕೆಯ ಮೇಲೆ ಒಬ್ಬ ಅಧಿಕಾರಿ, ಪಕ್ಕದಲ್ಲಿ ಕಂಪನಿಯ ವಕೀಲ. ಮೊದಲು ಮಾತಾಡಿದ ಗೃಹಿಣಿ, ಗೇಮಿನ ಕಾಟವೆಲ್ಲ ಅದರಲ್ಲಿ ಮಾತಾಡುವ ಹೆಂಗಸಿನದು ಎಂದು ಕಣ್ಣೊರೆಸಿಕೊಂಡಳು. ಸ್ವಂತ ದೊಡ್ಡಮ್ಮ ಹೇಳಿದ ಹಾಗೆ ಹೇಳುತ್ತಾಳೆ, ನಮ್ಮ ಯಜಮಾನರು ಆ ಮಾತು ಮೀರುವುದಿಲ್ಲ ಎಂದಳು. ಜನ ಹೌದು ಹೌದು ಎಂದು ಗದ್ದಲ ಎಬ್ಬಿಸಿದರು. ಆ ಗದ್ದಲದ ನಡುವೆಯೇ ಟ್ರಂಕಮ್ಮ ಮೈಕಿನ ಮುಂದೆ ಬಂದು ನಿಂತರು. ಮೈಕು ಕಂಡ ಕೂಡಲೇ ಅದೇ ಎಕ್ಸ್‌ಚೇಂಜಿನ ದನಿ ಬಂತು.

"ದಯವಿಟ್ಟು ಸ್ವಲ್ಪ ಸುಮ್ನಿರಿ."

ಸಭೆ ಗಪ್‌ಚಿಪ್ಪಾಯಿತು. ಸಾಲು ಸಾಲಾಗಿ ಜನರ ಕೈ ಜೇಬಿಗೂ ಚೀಲಕ್ಕೂ ಹೋಯಿತು. ಹಡಗು ಬಂತೇನೋ ಎಂದು ಎಲ್ಲರೂ ಫೋನ್ ತೆಗೆದು ನೋಡಿದರು, ಆಮೇಲೆ ತಲೆಯೆತ್ತಿ ಮೈಕಿನ ಕಡೆ ನೋಡಿದರು. ಹಿಂದಿನ ಸಾಲಿನಿಂದ ಯಾರೋ, "ಇವ್ರೇ ಕಣ್ರೀ ಅವ್ರು" ಎಂದರು.

ಟ್ರಂಕಮ್ಮನವರ ಕಿವಿ ಬಿಸಿಯಾಯಿತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಜೊತೆಗೇ, ಇಷ್ಟು ಜನ ತಮ್ಮ ದನಿಯನ್ನು ಗುರುತು ಹಿಡಿದರಲ್ಲ ಎಂದು ಒಳಗೊಳಗೇ ಒಂದು ಸಣ್ಣ ಹಿಗ್ಗೂ ಆಯಿತು. ಆ ಹಿಗ್ಗನ್ನು ಆಮೇಲೆ ಅವರು ಯಾರ ಮುಂದೆಯೂ ಒಪ್ಪಿಕೊಳ್ಳಲಿಲ್ಲ. ಆ ದನಿ ನಿಮ್ಮದೇ ಏನಮ್ಮ ಎಂದು ಅಧಿಕಾರಿ ಕೇಳಿದರು.

"ನಂದೇ ಸ್ವಾಮಿ. ಕಾಯಿಸೋದು ನನ್ನ ಕೆಲ್ಸವಾಗಿತ್ತು. ಆದ್ರೆ ಎಕ್ಸ್‌ಚೇಂಜಲ್ಲಿ ನಮ್ಗೊಂದು ನಿಯಮ ಇತ್ತು. ಮಾತು ಶುರುವಾಗಿ ಮೂರು ನಿಮಿಷ ಆದ್ರೆ, ಮುಂದುವರಿಸ್ಲಾ, ಕಟ್ ಮಾಡ್ಲಾ ಅಂತ ಕೇಳ್ಬೇಕು. ಈ ಕಂಪನಿಯೋರು ಕೇಳೋದೇ ಇಲ್ಲ. ಕೇಳ್ಲೇಬೇಕು ಅಂತ ನೀವು ನಿಯಮ ಮಾಡಿ."

ಚಪ್ಪಾಳೆ ಬಿತ್ತು. ಖರ್ಚಿಲ್ಲದ ನಿಯಮವೊಂದು ಕೂತಲ್ಲಿಗೇ ಬಂದದ್ದಕ್ಕೆ ಅಧಿಕಾರಿಗೆ ಸಂತೋಷವಾಯಿತು. ಕಂಪನಿಯ ವಕೀಲ ಕೂಡ ತಕ್ಷಣ ತಲೆಯಾಡಿಸಿದ. ಅವನು ಅಷ್ಟು ಬೇಗ ಒಪ್ಪಿದ್ದು ನೋಡಿ ಟ್ರಂಕಮ್ಮ ಅನುಮಾನಪಡಬೇಕಿತ್ತು. ಆದರೆ ಗೆದ್ದ ಖುಷಿಯಲ್ಲಿ ಅವರು ಅವನಿಗೂ ಧನ್ಯವಾದ ಹೇಳಿ ಇಳಿದರು.

ನಿಯಮ ಬಂತು. ಕಾರೂ ಬಂತು. ಅದೇ ಮೆತ್ತೆಯ ಕೋಣೆಯಲ್ಲಿ ಟ್ರಂಕಮ್ಮ, "ತುಂಬಾ ಹೊತ್ತಾಯ್ತು. ಮುಂದುವರಿಸಲಾ, ಕಟ್ ಮಾಡಲಾ?" ಎಂದು ತಮ್ಮ ಅತ್ಯುತ್ತಮ ದನಿಯಲ್ಲಿ ಕೇಳಿದರು. ಮನೆಯಲ್ಲಾಗಲಿ ಆಫೀಸಿನಲ್ಲಾಗಲಿ ಯಾರಿಂದಲೂ ಇಷ್ಟು ಮರ್ಯಾದೆಯ ಪ್ರಶ್ನೆ ಕೇಳಿಸಿಕೊಂಡಿರದ ಜನ ಕರಗಿಹೋಗಿ, ಮುಂದುವರಿಸಿ ಎಂದು ಒತ್ತಿದರು. ಮೊದಲಾದರೂ ಕಣ್ಣು ನೋವು ಬಂದಾಗ ಏಳುತ್ತಿದ್ದರು. ಈಗ ಅವರ ಒಪ್ಪಿಗೆಯೇ ಇತ್ತಲ್ಲ. ಕಂಪನಿಯ ಲಾಭ ಏರಿತು. ಜವಾಬ್ದಾರಿಯಿಂದ ನಡೆದರೆ ಲಾಭ ಹಿಂದೆಯೇ ಬರುತ್ತದೆಂದು ಅದರ ಮುಖ್ಯಸ್ಥ ಭಾಷಣ ಮಾಡಿದ. ಸೊಸೆಗೆ ಬಡ್ತಿ ಸಿಕ್ಕಿತು.

ಟ್ರಂಕಮ್ಮ ಪಾರ್ಕಿಗೆ ಹೋಗುವುದನ್ನು ನಿಲ್ಲಿಸಿ, ಮುಖ ಊದಿಸಿಕೊಂಡು ಮನೆಯಲ್ಲೇ ಕೂತರು. ಸೊಸೆ ಪಕ್ಕದಲ್ಲಿ ಬಂದು ಕೂತಳು. ನಿಮ್ಮ ದನಿ ತೆಗೆಸಿಬಿಡಲೇ ಎಂದು ಕೇಳಿದಳು.

"ತೆಗೆಸೋದೇನೂ ಬೇಡ. ನಾನು ಕೇಳಿದ್ದು ಮೆತ್ತಗಾಯ್ತು. ಗಟ್ಟಿಯಾಗಿ ಇನ್ನೊಂದ್ಸಲ ಹೇಳ್ತೀನಿ, ಹಾಕಿಸ್ತೀಯಾ?"

ಸೊಸೆ ತನ್ನ ಹೊಸ ಅಧಿಕಾರ ಬಳಸಿ, ಪರೀಕ್ಷೆಗೆಂದು ತಮ್ಮ ಬಡಾವಣೆಗೆ ಮಾತ್ರ ಅದನ್ನು ಹಾಕಿಸಿದಳು. "ಸಾಕು, ಏಳು. ಫೋನ್ ಕೆಳಗಿಡು." ಇಷ್ಟೇ ಮಾತು. ಕಂಪನಿಗೆ ದೂರುಗಳ ಸುರಿಮಳೆಯಾಯಿತು. ಜನರ ಸ್ವಾತಂತ್ರ್ಯಕ್ಕೆ ಧಕ್ಕೆ ಎಂದು ಬರೆದವರಲ್ಲಿ ಪಾರ್ಕಿನ ಬಳಗದವರೂ ಇದ್ದರು. ಒಬ್ಬರೂ ಫೋನ್ ಕೆಳಗಿಡಲಿಲ್ಲ. ವಾರದೊಳಗೆ ಅದನ್ನು ತೆಗೆದುಹಾಕಿದರು.

ಒಬ್ಬರೂ ಇಡಲಿಲ್ಲ ಎಂದರೆ ತಪ್ಪಾದೀತು. ಮೊದಲ ದಿನವೇ, ಅತ್ತೆ ಸೊಸೆ ಬಟ್ಟೆ ಮಡಚುತ್ತ ಕೂತಿದ್ದಾಗ, ಬಚ್ಚಲಿನ ಬಾಗಿಲು ಧಡಾರನೆ ತೆರೆಯಿತು. ನಲವತ್ತು ದಾಟಿದ ಮಗ ಅರ್ಧ ಮುಖಕ್ಕೆ ಸೋಪು ಹಚ್ಚಿಕೊಂಡು, ಬರಿಗೈಯಲ್ಲಿ ಬಂದು ಎದುರಿಗೆ ನಿಂತ.

"ಕರೆದ್ಯೇನಮ್ಮ?"

ಟ್ರಂಕಮ್ಮ ಮಡಚುತ್ತಿದ್ದ ಅಂಗಿಯಿಂದ ಕಣ್ಣೆತ್ತಲಿಲ್ಲ. "ಹೂಂ, ಕರ್ದೆ. ಲಿಫ್ಟಲ್ಲಿ ಯಾರೋ ಸಿಕ್ಕೊಂಡಿದ್ದಾರಂತೆ, ಹೋಗು" ಎಂದರು. ಅವನು ಮುಖ ತೊಳೆದು, ಸಾಮಾನಿನ ಚೀಲ ಹೆಗಲಿಗೇರಿಸಿಕೊಂಡು ಹೊರಟ. ಯಾವ ಲಿಫ್ಟ್ ಎಂದು ಕೇಳಬೇಕೆಂದು ಅವನಿಗೆ ಹೊಳೆದದ್ದು ಗೇಟು ದಾಟಿದ ಮೇಲೆ. ಅಷ್ಟರಲ್ಲಿ ಒಳಗೆ ಸೊಸೆ ನಗು ತಡೆಯಲಾರದೆ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.