ಅಣ್ಣನ ಕಾಲು ಮತ್ತು ನಾನು ಒಯ್ದ ಹಣ್ಣು

ನಮ್ಮ ಕಡೆ ಹಣ್ಣಿನ ಚೀಲ ಹಿಡಿದು ಹೊರಟರೆ ಕಂಡವರು ಮೊದಲು ಕೇಳುವುದು, ಯಾರಿಗೆ ಆರಾಮ ಇಲ್ಲ ಅಂತ. ತಿನ್ನಲಿಕ್ಕೆಂದು ಹಣ್ಣು ಕೊಳ್ಳುವವರು ಕಡಿಮೆ. ದೇವರಿಗೆ, ಉಡಿ ತುಂಬಲಿಕ್ಕೆ, ಇಲ್ಲವೇ ಹಾಸಿಗೆ ಹಿಡಿದವರಿಗೆ. ಬಾಗಲಕೋಟೆಯ ನವನಗರದಲ್ಲಿದ್ದು ಈ ರೂಢಿ ಮರೆತಿದ್ದೆ ಎಂದು ಬರೆದರೆ ಚಂದ ಕಾಣುತ್ತದೆ. ಮರೆತಿರಲಿಲ್ಲ, ಅದರ ವಿಚಾರ ಮಾಡಿರಲಿಲ್ಲ, ಅಷ್ಟೆ.

ಅಣ್ಣ ಇಳಕಲ್ಲಿನಲ್ಲಿ ಸೀರೆ ನೇಯುತ್ತಾನೆ. ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ದಿನವಿಡೀ ಕೂಡುವ ಕೆಲಸ. ಹೋದ ವರ್ಷ ಅವನ ಎಡಗಾಲು ತಣ್ಣಗಾಗತೊಡಗಿತು, ಸ್ವಲ್ಪ ನಡೆದರೂ ಮೀನಖಂಡ ಹಿಡಿಯುತ್ತಿತ್ತು. ಬಾಗಲಕೋಟೆಗೆ ಕರೆಸಿ ಡಾಕ್ಟರಿಗೆ ತೋರಿಸಿದೆ. ಕಾಲಿಗೆ ರಕ್ತ ಸರಿಯಾಗಿ ಹರಿಯುತ್ತಿಲ್ಲ ಎಂದರು. ಗುಳಿಗೆ ಬರೆದರು. ತಂಬಾಕು ಬಿಡಿ, ದಿನಾ ನಡೆಯಿರಿ, ಹಣ್ಣು ತಿನ್ನಿರಿ, ಎರಡು ತಿಂಗಳ ಮೇಲೆ ಮತ್ತೆ ಬನ್ನಿ. ಅಣ್ಣ ಚಪ್ಪಲಿ ಮೆಟ್ಟಲು ಹೊರಗೆ ಹೋದ. ನಾನು ಒಳಗೆ ಸ್ವಲ್ಪ ಹೊತ್ತು ಉಳಿದೆ.

ಆಮೇಲೆ ರವಿವಾರಕ್ಕೊಮ್ಮೆ ದಾಳಿಂಬೆ, ಪೇರಲ, ಮೋಸಂಬಿ ಕಟ್ಟಿಕೊಂಡು ಇಳಕಲ್ ಬಸ್ ಹತ್ತತೊಡಗಿದೆ. ಕಮತಗಿಯಲ್ಲಿ ಹತ್ತಿದ ಮುದುಕಿಯೊಬ್ಬಳು ಚೀಲ ನೋಡಿ, "ಯಾರನ್ನ ನೋಡಾಕ ಹೊಂಟೀಯಪ್ಪಾ?" ಎಂದಳು.

"ಅಣ್ಣನ್ನ."

"ಭಾಳ ಐತೇನು?"

ಇಲ್ಲ ಎಂದೆ. ಅವಳು ನಂಬಲಿಲ್ಲ, ಹುನಗುಂದ ಬರುವವರೆಗೂ ನನ್ನ ಮುಖ ನೋಡಿ ಲೊಚಗುಟ್ಟುತ್ತಿದ್ದಳು.

ಅಣ್ಣನ ಓಣಿಯವರೂ ಚೀಲ ನೋಡಿದರು. ಒಬ್ಬೊಬ್ಬರಾಗಿ ಬಾಳೆಹಣ್ಣು ಹಿಡಿದು ಬಂದರು, ಮಗ್ಗದ ಪಕ್ಕ ಕೂತರು, ಮೆಲ್ಲಗೆ ಮಾತಾಡಿ ಎದ್ದು ಹೋದರು. ಮನೆಯಲ್ಲಿ ಹಣ್ಣಿಡಲು ಬುಟ್ಟಿ ಸಾಲದಾಯಿತು. "ಈಳಿಗಿ ಮ್ಯಾಲೆ ಪೇರಲ ಕೊಯ್ದರೂ ತಮ್ಮ ಕಾಲ ಕೊಯ್ದಂಗ ನಿಮ್ಮಣ್ಣ ಕಾಲು ಎಳಕೋತಾರ," ಎಂದು ವೈನಿ ನಕ್ಕಳು.

ಅಣ್ಣ ನಗಲಿಲ್ಲ. "ಲೇ, ಸಣ್ಣವಿದ್ದಾಗಿಂದ ನನ್ನ ಪಾಲಿನ ಹಣ್ಣೂ ನೀನ ತಿಂದಾಂವ. ಈಗ ತಂದು ಕೊಡಾಕತ್ತೀ. ಡಾಕ್ಟರ್ ಏನಂದ, ಖರೇ ಹೇಳು."

"ಹಣ್ಣು ತಿನ್ನು ಅಂದ್ರು."

"ಅದನ್ನ ನನ್ನ ಮುಂದನ ಅಂದಾರ. ನಾ ಹೊರಗ ಹೋದ ಮ್ಯಾಲೆ?"

"ಗುಳಿಗಿ ಊಟಕ್ಕ ಮೊದಲೋ ಆಮ್ಯಾಲೋ ಅಂತ ಕೇಳಿದೆ."

"ಕಾಲು ತಗೀತಾರ, ಹೌದಿಲ್ಲೋ?"

ಇಲ್ಲ ಎಂದು ಎಷ್ಟು ಹೇಳಿದರೂ ಅವನ ಮುಖ ಗಟ್ಟಿಯಾಗುತ್ತ ಹೋಯಿತು. ತೆಗೆಯುವ ಕಾಲಿಗೆ ಗುಳಿಗೆ ಯಾಕೆ ಎಂದ. ಎರಡು ತಿಂಗಳು ತುಂಬಿದರೂ ದವಾಖಾನೆಗೆ ಬರುವುದಿಲ್ಲ ಎಂದ. ಗುಳಿಗೆ ಬಿಟ್ಟು, ತೋರಿಸುವುದನ್ನೂ ಬಿಟ್ಟರೆ ಕಾಲು ನಿಜವಾಗಿಯೂ ಹೋಗಬಹುದಿತ್ತು.

ಮರಳಿ ಬರುವಾಗ ಬಸ್ಸಿನಲ್ಲಿ ಡಾಕ್ಟರ ಕೋಣೆಯನ್ನು ನೆನಪಿಸಿಕೊಂಡೆ. ಗುಳಿಗೆಯ ಬಗ್ಗೆ ಕೇಳಿದ್ದು ಖರೆ. ಅವರು ಉತ್ತರ ಕೊಟ್ಟು, ಕೊನೆಗೆ "ನೋಡೋಣ" ಎಂದರೇ? ಅಂದಿದ್ದರೆ ತಲೆ ತಗ್ಗಿಸಿ ಬರೆಯುತ್ತ ಅಂದರೋ, ನನ್ನನ್ನು ದಿಟ್ಟಿಸಿ ಅಂದರೋ? ಮೊದಲ ಸಲ ನೆನೆದಾಗ ಅವರ ಕೈಯಲ್ಲಿ ಪೆನ್ನಿತ್ತು. ಹುನಗುಂದ ದಾಟುವಷ್ಟರಲ್ಲಿ ಪೆನ್ನು ಇರಲಿಲ್ಲ, ಮುಖ ಗಂಭೀರವಾಗಿತ್ತು. ಬಾಗಲಕೋಟೆ ಮುಟ್ಟಿದಾಗ ಅವರು ದನಿ ತಗ್ಗಿಸಿ ಮಾತಾಡುತ್ತಿದ್ದರು. ಅಣ್ಣನನ್ನು ಅವರೇ ಹೊರಗೆ ಕಳಿಸಿದರೇನೋ ಎಂದೂ ಅನ್ನಿಸಿತು. ಅವನ ಸಂಶಯ ನನಗೂ ಹತ್ತಿತ್ತು.

ಮುಂದಿನ ರವಿವಾರ ಬರಿಗೈಲಿ ಹೋದೆ.

"ಹಣ್ಣೆಲ್ಲಿ?" ಎಂದ ಅಣ್ಣ.

"ತರಲಿಲ್ಲ."

"ಯಾಕ? ಇನ್ನ ಹಣ್ಣು ತಿಂದೂ ಉಪಯೋಗ ಇಲ್ಲ ಅಂದ್ರೇನು?"

ತಂದರೂ ತಪ್ಪು, ಬಿಟ್ಟರೂ ತಪ್ಪು. ಸಿಟ್ಟಿನಲ್ಲಿ ಅಂದೆ: "ಅವರು ಏನಂದ್ರೋ ನನಗೂ ಈಗ ಗೊತ್ತಾಗವಲ್ದು. ನೆನಸಿದಂಗೆಲ್ಲ ಬ್ಯಾರೆ ಬ್ಯಾರೆ ನೆನಪಾಗತೈತಿ. ನೀನ ಬಂದು ಕೇಳು. ನಾ ಬಾಯಿ ತಗಿಯಂಗಿಲ್ಲ."

ಅಣ್ಣ ಮಗ್ಗ ನಿಲ್ಲಿಸಿ ನನ್ನನ್ನು ನೋಡಿದ. ಇಷ್ಟು ದಿನ ಧೈರ್ಯ ಹೇಳಿದಾಗ ನಂಬದವನು, ಗೊತ್ತಿಲ್ಲ ಎಂದಾಗ ನಂಬಿದನೆಂದು ಕಾಣುತ್ತದೆ. ಇದೂ ನಾನು ಆಮೇಲೆ ಹೊಂದಿಸಿಕೊಂಡ ಅರ್ಥವೇ ಇರಬಹುದು. ಅಂತೂ ಎರಡು ತಿಂಗಳು ತುಂಬಿದಾಗ ದವಾಖಾನೆಗೆ ಬಂದ.

ಡಾಕ್ಟರು ಅವನ ಪಾದದ ಮೇಲೆ ಬೆರಳಿಟ್ಟು ಕೂತರು. ಅಣ್ಣ ಕಾಯಲಿಲ್ಲ. "ಕಾಲು ಯಾವಾಗ ತಗೀತೀರಿ?"

"ಯಾರಂದ್ರು ನಿಮಗ?"

ಅಣ್ಣ ನನ್ನ ಕಡೆ ನೋಡಿದ. ಕೊಟ್ಟ ಮಾತಿನಂತೆ ಸುಮ್ಮನಿದ್ದೆ.

"ಇಲ್ಲಿ ನಾಡಿ ಸಿಗತೈತಿ. ತಗಿಯೋ ಮಾತ ಇಲ್ಲ," ಎಂದರು ಡಾಕ್ಟರು. "ಗುಳಿಗಿ ತಗೊಂಡ್ರೇನು?"

"ಬಿಟ್ಟೇನ್ರಿ. ಹಣ್ಣು ತಿಂದೇನಿ, ಭಾಳ ತಿಂದೇನಿ."

"ಹಣ್ಣು ಛಲೋನ. ಆದ್ರ ಗುಳಿಗಿ ಕೆಲಸ ಹಣ್ಣು ಮಾಡಂಗಿಲ್ಲ. ಇವತ್ತಿಂದ ಮತ್ತ ಸುರು ಮಾಡ್ರಿ. ತಂಬಾಕು?"

ಅಣ್ಣ ನೆಲ ನೋಡಿದ. ಡಾಕ್ಟರು ಬೈದರು, ಸಣ್ಣಗೇನಲ್ಲ. ಬೈಯುತ್ತಿದ್ದಂತೆ ಅಣ್ಣನ ಭುಜ ಸಡಿಲಾಯಿತು. ಸಾಯುವವರನ್ನು ಯಾರೂ ಹಾಗೆ ಬೈಯುವುದಿಲ್ಲ.

"ಮುಂದಿನ ತಿಂಗಳ ಬರ್ರಿ," ಎಂದರು.

"ಇಂವನ್ನ ಕರಕೊಂಡು ಬರಬೇಕೇನ್ರಿ?"

"ಅದು ನಿಮಗ ಬಿಟ್ಟಿದ್ದು."

"ಹಂಗಾದ್ರ ಒಬ್ಬಾಂವನ ಬರ್ತೇನಿ," ಎಂದ ಅಣ್ಣ.