ತಂಗಿಯ ಫೋಟೊ ಮತ್ತು ಒಂದು ಫೀಲ್ಡ್ ನೋಟ್

ಮದ್ದೂರಿನ ನಮ್ಮ ಮನೆಯ ಮಹಡಿ ರೂಮಿನಲ್ಲಿ ಎರಡು ವರ್ಷ ಇದ್ದ ಪೂರಿಗಾಲಿಯ ಹುಡುಗಿಗೆ ನಾನೊಂದು ಥ್ಯಾಂಕ್ಸ್ ಹೇಳಬೇಕು. ಎದುರಿಗೆ ಹೇಳಲು ಹೋದರೆ "ಅಯ್ಯೋ ಬುಡಿ ಅಜ್ಜಿ" ಎಂದು ಎದ್ದುಹೋಗುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ.

ದಿನಾ ರೈಲಿನಲ್ಲಿ ಮಂಡ್ಯದ ಕಾಲೇಜಿಗೆ ಹೋಗಿ ಬಂದು ಬಿ.ಎ. ಮುಗಿಸಿದಳು. ಮುಂದೆ ಆಂಥ್ರೊಪಾಲಜಿಯಲ್ಲಿ ಎಂ.ಎ. ಮಾಡುವ ಆಸೆ. ಅವಳಪ್ಪನಿಗೆ ಬಿ.ಎಡ್. ಓದಿಸಿ ಟೀಚರ್ ಮಾಡುವ ಆಸೆ. ಒಂದು ಭಾನುವಾರ ಬಂದವರು ನಮ್ಮ ಜಗಲಿಯಲ್ಲೇ ಕೂತು ಮಗಳನ್ನು ಕೇಳಿದರು, "ಮನುಸ್ರುನ್ನ ನೋಡಕ್ಕೂ ಒಂದು ಡಿಗ್ರಿ ಬೇಕೇನವ್ವ? ಮದ್ದೂರ್ ಬಸ್‌ಸ್ಟ್ಯಾಂಡಲ್ಲಿ ಕುಂತ್ಕೊ, ಬಿಟ್ಟಿ ಕಾಣ್ತರೆ."

"ನೋಡದು ಬೇರೆ, ಬರ್ಕೊಳದು ಬೇರೆ ಕಣಪ್ಪ. ಮ್ಯೂಸಿಯಮ್ಮು, ಆಸ್ಪತ್ರೆ, ಎಲ್ಲಾ ಕಡೆ ಇದಕ್ಕೆ ಕೆಲ್ಸ ಅದೆ."

"ಸರಿ. ಈ ಸಲ ಸೀಟು ಸಿಗನಿಲ್ಲ ಅಂದ್ರೆ ಬಿ.ಎಡ್. ಆಮೇಲೆ ಮಾತಿಲ್ಲ."

ಅವರು ಹೋದ ಮೇಲೆ ನಾನು, "ಆಂಥ್ರೊಪಾಲಜಿ ಅಂದ್ರೆ ತಲೆಬುರುಡೆ ಅಳೆಯೋದಲ್ವೇನೇ?" ಎಂದೆ. ಕಾನ್ವೆಂಟಿನಲ್ಲಿ ಕಲಿತದ್ದು ಅಷ್ಟೇ.

"ಅದು ಒಂದು ಕವಲು ಅಷ್ಟೆ ಅಜ್ಜಿ. ಮೈ, ಮೂಳೆ ನೋಡೋರು ಅವ್ರು. ನೆಲ ಅಗೆದು ಮಡಕೆ ಚೂರು ಆಯೋರು ಇನ್ನೊಬ್ರು. ಮದುವೆ, ನೆಂಟಸ್ತನ, ಹಬ್ಬ ಕೇಳೋರು ಮತ್ತೊಬ್ರು."

"ನೀನು?"

"ಯಾರು ಯಾವಾಗ ಯಾವ ಮಾತು ಆಡ್ತರೆ ಅಂತ ಕೇಳಿಸ್ಕೊಳೋಳು."

ಅರ್ಜಿಯ ಜೊತೆ ತಾನೇ ನೋಡಿ ಬರೆದ ಫೀಲ್ಡ್ ನೋಟ್ ಒಂದನ್ನು ಕಳಿಸಬೇಕಿತ್ತು. ಕೊನೆಯ ದಿನ ಮಧ್ಯಾಹ್ನ ನಾನು ಸೊಪ್ಪು ಬಿಡಿಸುತ್ತಿದ್ದಾಗ ನೋಟ್‌ಬುಕ್ ಹಿಡಿದು ಬಂದಳು.

"ನಿಮ್ಮ ಮೇಲೇ ಬರ್ದಿದ್ದೀನಿ. ಯಾರ ಬಗ್ಗೆ ಬರೀತೀವೋ ಅವ್ರಿಗೆ ಓದಿ ಹೇಳಿ ಒಪ್ಪಿಗೆ ತಗೋಬೇಕು. ನೀವು ಬ್ಯಾಡ ಅಂದ್ರೆ ಕಳ್ಸಲ್ಲ."

"ಬೇರೆ ಬರ್ದಿದ್ದೀಯಾ?"

"ಇಲ್ಲ."

ಓದಿದಳು. ಸೊಪ್ಪಿನವಳ ಜೊತೆ ಚೌಕಾಸಿಗೆ ನನ್ನದು ನಮ್ಮೂರು ಹೊಳಲಿನ ಕನ್ನಡವಂತೆ, ಬ್ಯಾಂಕಿನಲ್ಲಿ ಪುಸ್ತಕದ ಕನ್ನಡವಂತೆ. ನಕ್ಕೆ. ಆಮೇಲೆ ಬಂತು: "ತಂಗಿಯ ಫೋಟೊ ಒರೆಸುವಾಗ ಅಜ್ಜಿ ಪೂರ್ತಿ ಇಂಗ್ಲಿಷ್. ಶಿ ಈಸ್ ನೋ ಮೋರ್ ಎನ್ನುತ್ತಾರೆ. ಅದನ್ನು ಒಮ್ಮೆಯೂ ಕನ್ನಡದಲ್ಲಿ ಹೇಳಿದ್ದು ಕೇಳಿಲ್ಲ. ಏಕೆಂದು ಕೇಳಲು ನನಗೆ ಧೈರ್ಯವಾಗಲಿಲ್ಲ."

ಸಿಟ್ಟು ಬಂತು, ಸುಳ್ಳೇಕೆ. "ಹೌ ಡೇರ್ ಯೂ" ಎನ್ನಲು ಬಾಯಿ ತೆರೆದೆ. ಅದೂ ಇಂಗ್ಲಿಷೇ. ಬಾಯಿ ಮುಚ್ಚಿಕೊಂಡೆ.

ಮೈಸೂರಿನ ಕಾನ್ವೆಂಟ್ ಬೋರ್ಡಿಂಗಿನಲ್ಲಿದ್ದಾಗ ಅಲ್ಲಿನ ಸಿಸ್ಟರ್ ನನ್ನನ್ನು ಭೇಟಿಯ ಕೋಣೆಗೆ ಕರೆಸಿ, ಕೈ ಹಿಡಿದು, ಹೇಳಿದ್ದು ಅದೇ ಮಾತು. ರಜೆಗೆ ಹೊಳಲಿಗೆ ಹೋದಾಗ ಅವ್ವ ಅದನ್ನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವ್ವನೂ ಹೋದಳು. ನನ್ನ ಬಾಯಲ್ಲಿ ಮಾತ್ರ ಸಿಸ್ಟರ್ ಹೇಳಿದ ಹಾಗೆಯೇ ಉಳಿದುಬಿಟ್ಟಿತು.

ಇಷ್ಟನ್ನೂ ಹುಡುಗಿಗೆ ಹೇಳಿದೆ. ಹೇಳುತ್ತ ಹೇಳುತ್ತ, "ಸತ್ತೋದ್ಲು ಕಣಮ್ಮ. ನನ್ನ ತಂಗಿ, ಜ್ವರ ಬಂದು ಸತ್ತೋದ್ಲು" ಎಂದುಬಿಟ್ಟೆ.

ಅವಳು ಬರೆದುಕೊಳ್ಳಲಿಲ್ಲ. ಪೆನ್ನು ಕೆಳಗಿಟ್ಟು, ನನ್ನ ಪಕ್ಕ ಕೂತು, ಉಳಿದ ಸೊಪ್ಪು ಬಿಡಿಸಿದಳು. ಬಿಡಿಸಿ ಮುಗಿದ ಮೇಲೆ, "ಇದನ್ನೂ ಸೇರಿಸ್ಲಾ ಅಜ್ಜಿ?" ಎಂದು ಮೆತ್ತಗೆ ಕೇಳಿದಳು.

"ಬೇಡ. ಇದು ನಂದು. ಮಿಕ್ಕಿದ್ದು ಕಳ್ಸು."

ಸಹಿ ಹಾಕಿಕೊಟ್ಟೆ. ಸೀಟು ಸಿಕ್ಕಿತು. ಅವಳ ಸಾಮಾನು ಒಯ್ಯಲು ಬಂದ ಅಪ್ಪ, "ಒಬ್ಬ ಅಜ್ಜಿನ ನೋಡಿದ್ದುಕ್ಕೆ ಸೀಟು ಕೊಟ್ಟವ್ರೆ, ನೋಡ್ರವ್ವ" ಎಂದು ನಗುತ್ತ ಹಾಸಿಗೆ ಸುತ್ತಿದರು.

ಅಂದು ಬೇಡ ಎಂದಿದ್ದನ್ನು ಇವತ್ತು ನಾನೇ ಬರೆದಿದ್ದೇನೆ. ಅವಳಿಗೂ ಓದಿ ಹೇಳಿ ಒಪ್ಪಿಗೆ ತೆಗೆದುಕೊಳ್ಳಬೇಕು. ಈ ಬೆಳಗ್ಗೆ ಫೋಟೊ ಒರೆಸುವಾಗ, "ಎಷ್ಟು ದೂಳು ಮೆತ್ಕೊಂಡಿದ್ದೀಯಲ್ಲೇ" ಎಂದು ತಂಗಿಯನ್ನು ಬೈದೆ. ಚಿಕ್ಕಂದಿನಲ್ಲಿ ಬೈಯುತ್ತಿದ್ದ ಹಾಗೆಯೇ.