ಒಂಬತ್ತನೇ ನಂಬರಿನ ಬೂಟು

ನಲವತ್ತೈದು ವರ್ಷವಾಗುವವರೆಗೂ ನನ್ನ ಕಾಲಿನ ಅಳತೆ ನನಗೆ ಗೊತ್ತಿರಲಿಲ್ಲ. ಚಪ್ಪಲಿ ಅಂಗಡಿಗೆ ಹೋಗುವುದು, ಹಾಕಿ ನೋಡುವುದು, ಹಿಡಿಸಿದರೆ ಅದರಲ್ಲೇ ನಡೆದು ಬರುವುದು, ಅಷ್ಟೇ. ಕಾಲಿಗೂ ನಂಬರಿದೆ, ಅದನ್ನು ಬರೆದು ಕಳಿಸದಿದ್ದರೆ ಹಿಮದ ಮೇಲೆ ನಿಲ್ಲಲು ಬಿಡುವುದಿಲ್ಲ ಎಂದು ಹೇಳಿದವಳು ನನ್ನ ದೊಡ್ಡ ಮಗಳು. ರೇಷ್ಮೆ ಹುಳದ ತಟ್ಟೆಗೆ ಹಾಸಲು ತಂದಿಟ್ಟಿದ್ದ ಹಳೇ ಪೇಪರಿನ ಮೇಲೆ ನನ್ನನ್ನು ನಿಲ್ಲಿಸಿ, ಪೆನ್ಸಿಲ್ಲಿನಿಂದ ಪಾದದ ಸುತ್ತ ಗೆರೆ ಎಳೆದು, ಸ್ಕೇಲಿಟ್ಟು ಅಳೆದಳು.

“ಒಂಬತ್ತು ಅಪ್ಪಾ. ಬೆರಳು ಮಾತ್ರ ಹತ್ತು.”

“ಬೆರಳು ಕುಯ್ದು ಕಳ್ಸೋಕಾಗಲ್ಲ. ಒಂಬತ್ತು ಅಂತ್ಲೇ ಬರಿ,” ಅಂದೆ.

ಈ ಪ್ರವಾಸ ಶುರುವಾದದ್ದು ನನ್ನ ಬಾಮೈದನಿಂದ. ಅವನು ಮುಳಬಾಗಿಲಿನವನು, ಮಾಲೂರಿನ ಹತ್ತಿರ ಫ್ಯಾಕ್ಟರಿಯಲ್ಲಿ ಕೆಲಸ. ವರ್ಷಕ್ಕೊಂದು ಸಲ ಹೆಂಡತಿ ಮಕ್ಕಳನ್ನು ಎಲ್ಲಿಗಾದರೂ ಕರೆದುಕೊಂಡು ಹೋಗುತ್ತಾನೆ. ಆ ವರ್ಷ ಹಿಮಾಚಲದ ಬೆಟ್ಟದ ಮೇಲಿನ ಒಂದು ರೆಸಾರ್ಟು, ಅಲ್ಲಿ ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟ, ಸ್ಕೀ. ಅವನು ಮೊಬೈಲಿನಲ್ಲಿ ವೀಡಿಯೋ ತೋರಿಸಿದ. ನನ್ನ ಇಬ್ಬರು ಹೆಣ್ಣುಮಕ್ಕಳೂ, ಹದಿಮೂರರವಳು ಮತ್ತು ಒಂಬತ್ತರವಳು, ಅವನ ಎರಡು ಭುಜದ ಮೇಲೆ ಗಲ್ಲ ಊರಿಕೊಂಡು ನೋಡಿದರು. ಚಿಕ್ಕವಳು ಬಾಯಿ ಮುಚ್ಚಲೇ ಇಲ್ಲ.

“ಬಾವಾ, ನೀವೂ ಬಂದ್ಬಿಡಿ ಈ ಸಲ,” ಅಂದ. ನಾನು ಬಾಯಿ ತೆಗೆಯುವ ಮೊದಲೇ ತಾನೇ ನಕ್ಕ. “ಬಾವ ಎಲ್ಲಿ ಬರ್ತಾರಕ್ಕಾ? ಹುಳಕ್ಕೆ ಯಾರು ಜೋಜೋ ಹಾಡ್ತಾರೆ?”

ಎಲ್ಲರೂ ನಕ್ಕರು. ನನ್ನ ಹೆಂಡತಿಯೂ ನಕ್ಕಳು. ಅದೇ ನನಗೆ ಚುಚ್ಚಿದ್ದು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಸುಗಟೂರಿಗೆ ಹತ್ತಿರದ ನಮ್ಮ ಊರಿನಲ್ಲಿ ಹಿಪ್ಪುನೇರಳೆ ತೋಟ ಮಾಡಿ, ಹುಳದ ಮನೆ ಕಟ್ಟಿಸಿ, ಇಪ್ಪತ್ತಾರು ವರ್ಷದಿಂದ ರೇಷ್ಮೆ ಬೆಳೆಯುತ್ತಿದ್ದೇನೆ. ಒಂದು ಬೆಳೆಯನ್ನೂ ಬಿಟ್ಟಿಲ್ಲ, ಒಂದನ್ನೂ ಇನ್ನೊಬ್ಬರ ಕೈಗೆ ಕೊಟ್ಟು ಹೋಗಿಲ್ಲ. ಪಕ್ಕದ ಮನೆಯವನು ಒಮ್ಮೆ ಹುಳ ಹಣ್ಣಾಗುವ ಹೊತ್ತಿಗೆ ಹೆಂಡತಿಯ ತಂಗಿಯ ಮದುವೆಗೆಂದು ಶ್ರೀನಿವಾಸಪುರಕ್ಕೆ ಹೋಗಿದ್ದ. ಅವನು ಬಂದ ಮೇಲೆ ಹಾಲಿನ ಡೇರಿಯ ಮುಂದೆ, ಹತ್ತು ಜನರ ಎದುರಿಗೆ, “ಹುಳ ಬಿಟ್ಟು ಹೋಗೋನು ರೈತನೇನ್ಲಾ?” ಎಂದು ಕೇಳಿದವನು ನಾನೇ.

ಅವತ್ತು ಬಾಮೈದನ ಎದುರಿಗೂ ಅದೇ ನಾಲಿಗೆ ಮುಂದೆ ಬಂತು. “ಬರ್ತೀನಿ. ದಿನ ಮಾತ್ರ ನಾನೇ ಗೊತ್ತು ಮಾಡ್ತೀನಿ,” ಅಂದೆ.

ನನ್ನ ಲೆಕ್ಕ ಹೀಗಿತ್ತು. ಮರಿ ಸಾಕುವ ಕೇಂದ್ರದಿಂದ, ಎರಡನೇ ಜ್ವರ ಕಳೆದ ಮರಿ ಹುಳ ನಮ್ಮ ಮನೆಗೆ ಬರುತ್ತದೆ. ಹುಳ ಮೇಯುವುದನ್ನು ನಿಲ್ಲಿಸಿ, ತಲೆ ಎತ್ತಿ ಮಲಗಿ, ಚರ್ಮ ಕಳಚುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಮನೆಗೆ ಬಂದ ಮೇಲೆ ಇನ್ನೆರಡು ಜ್ವರ, ಆಮೇಲೆ ಏಳೆಂಟು ದಿನ ರಾಕ್ಷಸರಂತೆ ಸೊಪ್ಪು ತಿನ್ನುವುದು. ಒಟ್ಟು ಹದಿನೆಂಟು ದಿನಕ್ಕೆ ಹುಳ ಹಣ್ಣಾಗುತ್ತದೆ, ಅಂದರೆ ಮೈ ಗಾಜಿನಂತೆ ಹೊಳೆದು ನೂಲು ಬಿಡಲು ಸಿದ್ಧವಾಗುತ್ತದೆ. ಆಗ ಒಂದೊಂದನ್ನೂ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಹಾಕಬೇಕು. ಅದೊಂದು ದಿನದ ಕೆಲಸ ಮುಗಿದರೆ ಗೂಡು ಬಿಡಿಸುವವರೆಗೆ ಐದಾರು ದಿನ ನಮಗೆ ಬಿಡುವು. ಆ ಬಿಡುವಿನಲ್ಲಿ ಹೋಗಿ ಹಿಮ ನೋಡಿ ಬಂದುಬಿಡುವುದು! ಹುಳ ಬಂದ ಇಪ್ಪತ್ತನೇ ದಿನಕ್ಕೆ ವಿಮಾನ. ಎರಡು ದಿನ ಹೆಚ್ಚಿಗೇ ಇಟ್ಟುಕೊಂಡಿದ್ದೆ.

“ಡಿಸೆಂಬರ್ ಚಳಿ ಕಣ್ರೀ,” ಅಂದಳು ಹೆಂಡತಿ. “ಚಳೀಲಿ ಹುಳ ಹದಿನೆಂಟಕ್ಕೆ ಯಾವತ್ತು ಆಗೈತೆ? ಈ ಬೆಳೆ ಬಿಟ್ಬಿಡೋಣ.”

“ಹೀಟರ್ ತರ್ತೀನಿ. ಬೇಸಿಗೆ ಮಾಡಿಕ್ತೀನಿ ಒಳ್ಗೆ.”

ಬಾಮೈದ ಎಲ್ಲರಿಗೂ ಒಟ್ಟಿಗೆ ಟಿಕೆಟ್ ಮಾಡಿಸಿದ.

ರೆಸಾರ್ಟಿನವರ ಫಾರಂ ಮೊಬೈಲಿಗೆ ಬಂತು, ಪೂರ್ತಿ ಇಂಗ್ಲಿಷು. ದೊಡ್ಡವಳು ಓದಿ ಓದಿ ಕೇಳುತ್ತಿದ್ದಳು. ಎತ್ತರ, ತೂಕ, ಬೂಟಿನ ನಂಬರು. ಆಮೇಲೆ, ಈ ಆಟ ಎಷ್ಟರ ಮಟ್ಟಿಗೆ ಬರುತ್ತದೆ ಎಂಬ ಪ್ರಶ್ನೆ.

“ಬಿಗಿನರ್ ಅಂತ ಹಾಕ್ತೀನಿ ಅಪ್ಪಾ.”

“ಹಂಗಂದ್ರೆ?”

“ಏನೂ ಗೊತ್ತಿಲ್ದೋರು.”

“ಏನೂ ಗೊತ್ತಿಲ್ದೋನು ಅಂತ ಯಾಕ್ ಬರೀತೀಯ? ನಡುವಿಂದು ಏನೈತೋ ಅದಾಕು.”

ಮಕ್ಕಳಿಬ್ಬರೂ ಬಿದ್ದು ಬಿದ್ದು ನಕ್ಕರು. ಒಲೆಯ ಮುಂದಿನಿಂದ ಹೆಂಡತಿ ಕೂಗಿದಳು: “ನಡುವಿಂದು ಹಾಕ್ಸಿ ನಡ ಮುರ್ಕೊಂಡ್ ಬನ್ನಿ!” ಕೊನೆಗೆ ಬಿಗಿನರ್ ಎಂದೇ ಬರೆಯಬೇಕಾಯಿತು.

ಫಾರಂನ ಕೊನೆಯಲ್ಲಿ ಒಂದು ಷರತ್ತು ಇತ್ತು. ಹತ್ತು ವರ್ಷ ತುಂಬದ ಮಗುವಿನ ಜೊತೆ ಮನೆಯ ದೊಡ್ಡವರೊಬ್ಬರು ಪಟ್ಟಿ ಕಟ್ಟಿಕೊಂಡು ನಿಲ್ಲಬೇಕು, ಇಲ್ಲದಿದ್ದರೆ ಮಗುವನ್ನು ಇಳಿಜಾರಿಗೆ ಬಿಡುವುದಿಲ್ಲ. ಬಾಮೈದನಿಗೆ ಎರಡು ಚಿಕ್ಕ ಮಕ್ಕಳು, ಗಂಡ ಹೆಂಡತಿಗೆ ಒಂದೊಂದು. ನನ್ನ ಹೆಂಡತಿಗೆ ಮಂಡಿ ನೋವು. ಚಿಕ್ಕವಳ ಜೊತೆಗೆ ನಾನೇ.

“ಅಪ್ಪಾ, ನೀನು ಕೈ ಬಿಡಬಾರ್ದು,” ಅಂದಳು ಚಿಕ್ಕವಳು.

“ಬಿಡಲ್ಲ.”

ಮಾರನೇ ದಿನ ಹುಳದ ಸ್ಟ್ಯಾಂಡಿನ ಎರಡು ಹಲಗೆ ಬಿಚ್ಚಿ, ಗೋಣಿ ದಾರದಿಂದ ಕಾಲಿಗೆ ಕಟ್ಟಿಕೊಂಡು, ಕೈಯಲ್ಲಿ ಎರಡು ಹಿಪ್ಪುನೇರಳೆ ಕಡ್ಡಿ ಹಿಡಿದು ಅಂಗಳದಲ್ಲಿ ನಿಂತೆ. ಅವಳು ನನ್ನ ಲುಂಗಿಯ ಅಂಚು ಹಿಡಿದುಕೊಂಡಿದ್ದಳು. ಪಕ್ಕದ ಮನೆಯವನು ಬೇಲಿಯಾಚೆಯಿಂದ ನೋಡಿ, “ಅಣ್ಣಾ, ಕಾಲು ಮುರೀತಾ?” ಎಂದು ಕೇಳಿದ.

ಹುಳ ಬಂತು. ಮೂರನೇ ಜ್ವರ ಒಂದು ದಿನ ತಡವಾಯಿತು. ನಾಲ್ಕನೇ ಜ್ವರ ಇನ್ನೆರಡು ದಿನ. ಹುಳದ ಮನೆ ದೊಡ್ಡದು, ಮೇಲೆ ಶೀಟು. ಎರಡು ಹೀಟರು ಹಾಕಿದರೆ ಫ್ಯೂಸು ಹೋಗುತ್ತಿತ್ತು, ಒಂದು ಹಾಕಿದರೆ ಸಾಲುತ್ತಿರಲಿಲ್ಲ. ಇದ್ದಿಲ ಒಲೆ ಇಟ್ಟೆ, ಕಿಟಕಿಗೆ ಗೋಣಿತಾಟು ಕಟ್ಟಿದೆ. ಚಿಕ್ಕವಳು ಬೆಳಿಗ್ಗೆ ಎದ್ದವಳೇ, ರೋಗ ಒಳಗೆ ಬಾರದಂತೆ ಬಾಗಿಲಲ್ಲಿ ಹಾಕಿದ್ದ ಸುಣ್ಣದ ಪುಡಿಯಲ್ಲಿ ಕಾಲಿಟ್ಟು ಒಳಗೆ ಹೋಗಿ, ಗೋಡೆಯ ಥರ್ಮಾಮೀಟರ್ ನೋಡಿ ಕೂಗುತ್ತಿದ್ದಳು.

“ಹತ್ತೊಂಬತ್ತು ಅಪ್ಪಾ!”

ಇಪ್ಪತ್ತೈದು ಇರಬೇಕಿತ್ತು. ಅಲ್ಲಿ ಸೊನ್ನೆಗಿಂತ ಕೆಳಗೆ ಇದೆಯಂತೆ ಎಂದು ಬಾಮೈದ ಫೋನಿನಲ್ಲಿ ಕುಣಿಯುತ್ತಿದ್ದ. ನಾನು ಇಲ್ಲಿ ಒಂದೊಂದು ಡಿಗ್ರಿಗೂ ಇದ್ದಿಲು ಊದುತ್ತಿದ್ದೆ. ಹುಳಕ್ಕೆ ಬೈದು ಉಪಯೋಗವಿಲ್ಲ, ಬೇಡಿಕೊಂಡರೂ ಕೇಳುವುದಿಲ್ಲ. ಎಷ್ಟು ದಿನ ತಿನ್ನಬೇಕೋ ಅಷ್ಟು ದಿನ ತಿಂದೇ ತೀರುತ್ತದೆ. ಹದಿನೆಂಟನೇ ದಿನವೂ ಸೊಪ್ಪು ಹಾಕಿದೊಡನೆ ಆ ಚರಚರ ಸದ್ದು. ಬೇರೆ ವರ್ಷಗಳಲ್ಲಿ ಆ ಸದ್ದು ಕೇಳಿದರೆ ನನಗೆ ಹೊಟ್ಟೆ ತುಂಬುತ್ತಿತ್ತು. ಚಿಕ್ಕವಳು ಒಂದು ಹುಳವನ್ನು ಬೆಳಕಿಗೆ ಹಿಡಿದು ನೋಡಿ, “ಇದು ಸ್ವಲ್ಪ ಹಣ್ಣಾಗೈತೆ ಅಲ್ವಾ?” ಎಂದು ಕೇಳಿದಳು. ಅದು ಹಾಲಿನಷ್ಟು ಬೆಳ್ಳಗಿತ್ತು. ಅದನ್ನು ಅವಳ ಕೈಯಿಂದ ತೆಗೆದು ಮತ್ತೆ ಸೊಪ್ಪಿನ ಮೇಲೆ ಬಿಟ್ಟೆ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಹೆಂಡತಿ ಸೊಪ್ಪಿನ ಹೊರೆ ಇಳಿಸಿ ನನ್ನ ಎದುರಿಗೆ ಕುಳಿತಳು.

“ನೀವು ಮಕ್ಕಳ ಜೊತೆ ಹೋಗಿ. ನಾನು ಇರ್ತೀನಿ. ನಂಗೆ ಆ ವಿಮಾನನೂ ಬೇಡ, ಚಳಿನೂ ಬೇಡ.”

“ಒಬ್ಳೇ ಹೆಂಗ್ ಮಾಡ್ತೀಯ?”

“ಒಬ್ಳೇ ಯಾಕೆ? ಪಕ್ಕದ ಮನೆಯೋರನ್ನ ಕರೀತೀನಿ. ಅವ್ರ ಹುಳ ಹಣ್ಣಾದಾಗ ನಾವು ಮುಯ್ಯಿಗೆ ಹೋದ್ರಾಯ್ತು.”

ಅವಳಿಗೆ ಹುಳದ ಕೆಲಸ ನನ್ನಷ್ಟೇ ಗೊತ್ತು. ಹಣ್ಣು ಹುಳ ಆರಿಸುವುದರಲ್ಲಿ ನನಗಿಂತ ಅವಳ ಕೈ ಚುರುಕು. ಇದೆಲ್ಲ ನನಗೆ ಗೊತ್ತಿತ್ತು. ಆದರೂ ಹೂಂ ಅನ್ನಲಿಲ್ಲ. ಯಾಕೆ ಎಂದು ಇವತ್ತಿಗೂ ನೆಟ್ಟಗೆ ಹೇಳಲು ಬರುವುದಿಲ್ಲ. ಡೇರಿಯ ಮುಂದೆ ಆಡಿದ ಮಾತು ನನಗೇ ಅಡ್ಡ ನಿಂತಿತ್ತು ಎಂದರೆ ಅರ್ಧ ಹೇಳಿದಂತೆ. ಇಪ್ಪತ್ತಾರು ವರ್ಷದಲ್ಲಿ ನಾನಿಲ್ಲದೆಯೂ ಆ ಮನೆಯಲ್ಲಿ ಹುಳ ಗೂಡು ಕಟ್ಟುತ್ತದೆ ಎಂದು ಒಪ್ಪಿಕೊಂಡವನಲ್ಲ. ಉಳಿದರ್ಧ ಅದಿರಬೇಕು.

“ನೀನು ಹೋಗು, ಮಕ್ಕಳಿಗೆ ತಾಯಿ ಬೇಕು,” ಅಂದೆ. ಅವಳು ಎದ್ದು ಹೋಗಿ ಸೊಪ್ಪಿನ ಹೊರೆ ಬಿಚ್ಚತೊಡಗಿದಳು.

ಚಿಕ್ಕವಳಿಗೆ ನಾನೇ ಹೇಳಬೇಕಾಯಿತು. ಅವಳು ಅಳಲಿಲ್ಲ. “ನಾಳೆ ಹಣ್ಣಾದ್ರೆ ನಾಡಿದ್ದು ಬರ್ತೀಯಾ?” ಎಂದು ಕೇಳಿದಳು. “ನೋಡಾಣ,” ಅಂದೆ. ಆ ಮಾತನ್ನು ನಾನು ಆಡಬಾರದಿತ್ತು.

ಮಾರನೇ ಬೆಳಿಗ್ಗೆ ಬಾಮೈದ ಕಾರು ತಂದ. ಈ ಸಲ ಅವನು ತಮಾಷೆ ಮಾಡಲಿಲ್ಲ. “ಪರ್ವಾಲೇದು ಬಾವಾ,” ಎಂದು ನನ್ನ ಕೈ ಹಿಡಿದುಕೊಂಡ. ನಕ್ಕಿದ್ದರೆ ವಾಸಿಯಿತ್ತು.

ಹುಳ ಹಣ್ಣಾದದ್ದು ಇಪ್ಪತ್ತೆರಡನೇ ದಿನ. ಬೆಳಿಗ್ಗೆ ನೋಡಿದರೆ ಸೊಪ್ಪಿನ ಮೇಲೆಲ್ಲ ಗಾಜಿನ ಮೈಗಳು, ತಲೆ ಎತ್ತಿ ಆಡಿಸುತ್ತಾ ಜಾಗ ಹುಡುಕುತ್ತಿದ್ದವು. ಇಷ್ಟು ದಿನ ಕಾಯಿಸಿದವು ಇನ್ನೊಂದು ಗಳಿಗೆ ಕಾಯುವುದಿಲ್ಲ. ತಡವಾದರೆ ಸೊಪ್ಪಿನ ಕಡ್ಡಿಯಲ್ಲೇ ನೂಲು ಸುತ್ತಿ ಹಾಳು ಮಾಡುತ್ತವೆ. ಇರುವುದು ನನ್ನವೇ ಎರಡು ಕೈ. ಚಂದ್ರಿಕೆ ಇಳಿಸುತ್ತಿದ್ದಾಗ ಬಾಗಿಲಲ್ಲಿ ಪಕ್ಕದ ಮನೆಯವನು ನಿಂತಿದ್ದ. ಹಿಂದೆ ಅವನ ಹೆಂಡತಿ, ಅವಳ ತಂಗಿ. ನಾನು ಕರೆದಿರಲಿಲ್ಲ.

“ಅತ್ಗೆ ಹೋಗೋವಾಗ ಹೇಳಿ ಹೋದ್ರು,” ಅಂದ. ಕಾಲು ತೊಳೆದು, ಸುಣ್ಣದ ಪುಡಿ ತುಳಿದು ಒಳಗೆ ಬಂದು ಕುಳಿತ. ಒಂದು ಹಿಡಿ ಹುಳ ಆರಿಸಿದ ಮೇಲೆ, ತಲೆ ಎತ್ತದೆಯೇ ಕೇಳಿದ: “ಹೆಂಡ್ತಿ ಮಕ್ಕಳನ್ನ ಬಿಟ್ಟು ಹುಳ ಕಾಯೋನು ಏನಣ್ಣಾ? ರೈತನಾ?”

ಅವನ ಹೆಂಡತಿ ಅವನ ತೊಡೆಗೆ ಹೊಡೆದಳು. ನಾನು ಇನ್ನೊಂದು ಚಂದ್ರಿಕೆಯನ್ನು ಅವನ ಮುಂದಕ್ಕೆ ತಳ್ಳಿದೆ. ಅವರ ಆರು ಕೈ ಬರದಿದ್ದರೆ ಅರ್ಧ ಬೆಳೆ ಸೊಪ್ಪಿನಲ್ಲೇ ಉಳಿಯುತ್ತಿತ್ತು.

ಹನ್ನೊಂದು ಗಂಟೆಗೆ ವೀಡಿಯೋ ಕಾಲ್ ಬಂತು. ನನ್ನ ಎರಡೂ ಕೈಯಲ್ಲಿ ಹುಳ. ಪಕ್ಕದ ಮನೆಯವನು ಫೋನನ್ನು ನನ್ನ ಮುಖದ ಮುಂದೆ ಹಿಡಿದ. ಮೊದಲು ಬರೀ ಬಿಳಿ, ಕಣ್ಣು ಕುಕ್ಕುವಂಥ ಬಿಳಿ. ದೂರದಲ್ಲಿ ದೊಡ್ಡವಳು ಕೆಂಪು ಜಾಕೆಟ್ಟಿನಲ್ಲಿ ಜಾರಿ, ಬಿದ್ದು, ಎದ್ದು ಕೈ ಬೀಸಿದಳು. ಆಮೇಲೆ ಚಿಕ್ಕವಳ ಮುಖ, ಟೋಪಿಯೊಳಗೆ ಮೂಗು ಮಾತ್ರ ಕೆಂಪಗೆ.

“ಅಮ್ಮ ನನ್ ಜೊತೆ ನಿಂತ್ಕೊಂಡ್ಳು ಅಪ್ಪಾ. ಬಿದ್ಬಿಟ್ಳು. ಮಂಡಿ ನೋಯ್ತು ಅಂತ, ಆಟ ಹೇಳ್ಕೊಡೋ ಸಾರ್ ಇನ್ನು ನಿಲ್ಲೋದ್ ಬೇಡ ಅಂದ್ಬಿಟ್ರು.”

“ಅಮ್ಮ ಹೆಂಗವ್ಳೆ?”

“ಟೀ ಕುಡೀತಾವ್ಳೆ. ನಾನು ಬೆಂಚ್ ಮೇಲೆ ಕೂತಿದೀನಿ.”

ಫೋನು ಕೆಳಕ್ಕೆ ತಿರುಗಿತು. ಬೆಂಚಿನ ಕೆಳಗೆ, ಅವಳ ಪುಟ್ಟ ಬೂಟಿನ ಪಕ್ಕದಲ್ಲಿ, ಒಂದು ಜೊತೆ ದೊಡ್ಡ ಕಪ್ಪು ಬೂಟು. ಮೇಲೆ ಚೀಟಿ ಅಂಟಿಸಿತ್ತು.

“ಇದು ನಿಂದು. ಒಂಬತ್ತು. ಫಾರಂ ನೋಡಿ ಎತ್ತಿಟ್ಟಿದ್ರಂತೆ. ನಾನು ಈಸ್ಕೊಂಡೆ.” ಮತ್ತೆ ಅವಳ ಮುಖ ಬಂತು. “ಹುಳ ಹಣ್ಣಾಯ್ತಾ?”

“ಆಯ್ತು ಕಣಮ್ಮಾ.”

“ಹಂಗಾದ್ರೆ ಈಗ ಬಾ.”

ನನ್ನ ಅಂಗೈಯಲ್ಲಿದ್ದ ಹುಳಗಳು ಆಗಲೇ ಬೆರಳ ಸಂದಿಗೆ ನೂಲು ಬಿಡತೊಡಗಿದ್ದವು. ಪಕ್ಕದ ಮನೆಯವನು ಇನ್ನೊಂದು ಕೈಯಿಂದ ಚಂದ್ರಿಕೆಯನ್ನು ನನ್ನ ಹತ್ತಿರಕ್ಕೆ ಎಳೆದ. ನಾನು ಅವನ್ನು ಒಂದೊಂದಾಗಿ ಬಿಡಿಸಿ ಹಾಕುತ್ತಾ ಹೋದೆ. ಅವಳು ಫೋನಿನಲ್ಲಿ ಹಾಗೇ ನೋಡುತ್ತಿದ್ದಳು.